ಮಣಿಕಟ್ಟು ಒಪ್ಪಿದ ಲೆನ್ಸ್

ಸ್ಟುಡಿಯೊದ ಒಳಕೋಣೆಯಲ್ಲಿ ಕೂತು ಬೆಟ್ಟ ಅಂಟಿಸುವುದು ಅವಳ ಕೆಲಸ. ಮುಂದಿನ ಕೋಣೆಯಲ್ಲಿ ಸೋದರಮಾವ ಹೊಸ ಜೋಡಿಗಳನ್ನು ಹಸಿರು ಪರದೆಯ ಮುಂದೆ ನಿಲ್ಲಿಸಿ ಫೋಟೊ ತೆಗೆಯುತ್ತಿದ್ದ. ಒಳಗೆ ಇವಳು ಕಂಪ್ಯೂಟರಿನಲ್ಲಿ ಪರದೆ ಕಿತ್ತುಹಾಕಿ ಅಲ್ಲಿ ಹಿಮದ ಬೆಟ್ಟ ಕೂರಿಸುತ್ತಿದ್ದಳು. ಬೆಟ್ಟವೂ ಒಂದೇ. ಬೇಜಾರಾದಾಗ ಅದನ್ನೇ ಎಡಬಲ ತಿರುಗಿಸಿದರೆ ಇನ್ನೊಂದು ಬೆಟ್ಟ. ಊರಿನ ಅರ್ಧ ಗಂಡಂದಿರು ಹಾಗೆ ಬೆವರು ಸುರಿಸದೆ, ಚಪ್ಪಲಿಯಲ್ಲೇ ಹಿಮ ಹತ್ತಿದವರು. ಗಿರಾಕಿಗಳು ಅವಳನ್ನು ಆಲ್ಬಂ ಅಕ್ಕ ಎನ್ನುತ್ತಿದ್ದರು.

ಇಪ್ಪತ್ತು ವರ್ಷ ಹೀಗೆ ಕಳೆದ ಮೇಲೆ ಒಂದು ಮಧ್ಯಾಹ್ನ ಅವಳು ಮೌಸ್ ಬಿಟ್ಟು ಎದ್ದು ಬಂದಳು.

"ಮಾವ, ನಾನು ಬೆಟ್ಟಕ್ಕೆ ಹೋಗ್ತೀನಿ."

"ಹೋಗು. ಯಾರ ಮದುವೆ?"

"ಯಾರದೂ ಅಲ್ಲ. ನಾನು, ಕ್ಯಾಮೆರಾ, ಬೆಟ್ಟ. ಮೂರೇ ಜನ."

ಮಾವ ನಕ್ಕ. ನಗು ಮುಗಿದ ಮೇಲೂ ಅವಳು ಅಲ್ಲೇ ನಿಂತಿದ್ದಳು. ಆಗ ಅವನಿಗೆ ಇದು ತಮಾಷೆಯಲ್ಲ ಅಂತ ಹೊಳೆಯಿತು.

ಅವಳು ಸೇರಿದ್ದ ನಡಿಗೆ ಗುಂಪಿನ ಮುಖ್ಯಸ್ಥೆ ನಿವೃತ್ತ ಈಜು ಶಿಕ್ಷಕಿ. ಕತ್ತಿನಲ್ಲಿ ಸದಾ ಸೀಟಿ ತೂಗುತ್ತಿದ್ದುದರಿಂದ ಎಲ್ಲರಿಗೂ ಸೀಟಿ ಮೇಡಂ. ಆಕೆಯ ಷರತ್ತು ನೇರವಾಗಿತ್ತು: "ಭಾನುವಾರ ಊರಾಚೆಯ ಗುಡ್ಡ ಹತ್ತಬೇಕು. ಅವರವರ ಚೀಲ ಅವರವರ ಬೆನ್ನಿಗೆ. ತುದಿ ಬಂಡೆಗೆ ಕಬ್ಬಿಣದ ಸರಪಳಿ ಇದೆ, ಎರಡೂ ಕೈಯಲ್ಲಿ ಹಿಡಿದು ಹತ್ತಬೇಕು. ಹತ್ತಿದವರು ನನ್ನ ಜೊತೆ ದೊಡ್ಡ ಬೆಟ್ಟಕ್ಕೆ ಬರ್ತಾರೆ. ಹತ್ತದವರು ಮನೇಲಿ ಆರಾಮಾಗಿ ಇರ್ತಾರೆ."

ತೊಂದರೆ ಅಲ್ಲೇ ಇತ್ತು. ಮೌಸ್ ಹಿಡಿದೂ ಹಿಡಿದೂ ಅವಳ ಬಲ ಮಣಿಕಟ್ಟು ಹಾಳಾಗಿತ್ತು. ಬಲಗೈಯಲ್ಲಿ ಬಲವೊಂದನ್ನು ಬಿಟ್ಟು ಉಳಿದದ್ದೆಲ್ಲ ಇತ್ತು. ಭಾರ ಎತ್ತಬೇಡಿ ಎಂದು ಡಾಕ್ಟರು ಪಟ್ಟಿ ಸುತ್ತಿ ಕಳಿಸಿದ್ದರು.

ಮಾವ ಬೀರು ತೆರೆದು ತನ್ನ ದೊಡ್ಡ ಜೂಮ್ ಲೆನ್ಸನ್ನು ಎರಡೂ ಕೈಯಲ್ಲಿ ಎತ್ತಿ ತಂದ. ಅದಕ್ಕೆ ಅವನು ಇಟ್ಟ ಹೆಸರು ಕೂಸು.

"ತಗೊಂಡು ಹೋಗು. ದೂರದ್ದನ್ನೆಲ್ಲ ಹತ್ತಿರ ತರುತ್ತೆ."

ಅವಳು ಕಣ್ಣಿಗೆ ಹಿಡಿದಳು. ಮೂರು ಉಸಿರು ಎಳೆಯುವಷ್ಟರಲ್ಲಿ ಮಣಿಕಟ್ಟು ಚುರ್ರೆಂದಿತು.

"ದೂರದ್ದು ಹತ್ತಿರ ಬರುತ್ತೆ ಮಾವ, ಜೊತೆಗೆ ಕೈಯ ದೂರೂ ಬರುತ್ತೆ. ಇಷ್ಟು ಭಾರದ್ದು ನನ್ನ ಜೊತೆ ಬಾರದು."

"ಚಿಕ್ಕ ಲೆನ್ಸ್ ಹಿಡ್ಕೊಂಡು ಹೋದ್ರೆ ಬೆಟ್ಟಾನೂ ಮರ್ಯಾದೆ ಕೊಡಲ್ಲ ಕಣೇ!"

"ಬೆಟ್ಟ ಏನು ಮದುವೆ ಗಂಡಿನ ಚಿಕ್ಕಪ್ಪನಾ, ಲೆನ್ಸ್ ಉದ್ದ ನೋಡಿ ಕುರ್ಚಿ ಕೊಡೋಕೆ?" ಎಂದು ಅವಳು ಎದೆಯುಬ್ಬಿಸಿ ಮಾವನ ದನಿ ತೆಗೆದಳು: "ಬೆಟ್ಟಪ್ಪಾ, ಗದ್ದ ಮೇಲೆ! ಹೊಟ್ಟೆ ಒಳಗೆ! ನಗು ಹೊರಗೆ!"

ಮಾವನಿಗೆ ನಗು ಬಂತು, ಸಿಟ್ಟೂ ಬಂತು. ಎರಡನ್ನೂ ಒಟ್ಟಿಗೆ ನುಂಗಿದ.

ಮರುದಿನ ಅವಳು ಕ್ಯಾಮೆರಾ ಅಂಗಡಿಗೆ ಹೋದಳು. ಅಂಗಡಿಯವನು ಗಾಜಿನ ಕಪಾಟಿನಿಂದ ಒಂದೊಂದೇ ಲೆನ್ಸ್ ಇಳಿಸಿ ಗುಣಗಾನ ಮಾಡಿದ. ಅವಳು ಹಾಡು ಕೇಳಲಿಲ್ಲ. ಪ್ರತಿ ಲೆನ್ಸನ್ನೂ ತನ್ನ ಹಳೇ ಪುಟ್ಟ ಕ್ಯಾಮೆರಾಕ್ಕೆ ಸಿಕ್ಕಿಸಿ ಕಣ್ಣಿಗೆ ಹಿಡಿದು ಸುಮ್ಮನೆ ನಿಂತಳು. ನೋವು ಮಾತಾಡಿದ ಕೂಡಲೇ ಇಳಿಸಿ ಪಕ್ಕಕ್ಕಿಟ್ಟಳು. ಕೊನೆಗೆ ಮುಷ್ಟಿಯಲ್ಲಿ ಅಡಗುವಂಥದ್ದೊಂದು ಸಿಕ್ಕಿತು. ನೋಟ ಅಗಲ, ಮೈ ಗಿಡ್ಡ. ಮಣಿಕಟ್ಟು ತುಟಿಪಿಟಕ್ಕೆನ್ನಲಿಲ್ಲ.

"ಇದರಲ್ಲಿ ಜೂಮ್ ಇಲ್ಲ ಮೇಡಂ. ದೂರದ್ದು ದೂರಾನೇ ಇರುತ್ತೆ."

"ದೂರದ ಬೆಟ್ಟಾನ ಹತ್ತಿರ ತಂದೂ ತಂದೂ ಸಾಕಾಗಿದೆ. ಈ ಸಲ ನಾನೇ ಅದರ ಹತ್ತಿರ ಹೋಗ್ತೀನಿ."

ಒಂದು ಭಾನುವಾರಕ್ಕೆ ಪರೀಕ್ಷೆಗೆಂದು ಅವನು ಕೊಟ್ಟ. ಒಪ್ಪದಿದ್ದರೆ ಸೋಮವಾರ ವಾಪಸು ಎಂದು ಮಾತಾಯಿತು.

ಭಾನುವಾರ ಗುಡ್ಡದ ಬುಡದಲ್ಲಿ ಮಾವನೂ ಹಾಜರು, ಹೆಗಲಿಗೆ ಕೂಸು ಸಮೇತ. "ಸುಮ್ನೆ ನೋಡೋಕೆ ಬಂದೆ," ಎಂದ. ಅರ್ಧ ದಾರಿಯಲ್ಲಿ ಅವನ ಉಸಿರು ಹಾರ್ಮೋನಿಯಂ ಆಯಿತು. ಸರಪಳಿಯ ಬುಡದಲ್ಲಿ ಕಲ್ಲಿನ ಮೇಲೆ ಕುಸಿದು, "ನಾನು ಇಲ್ಲಿಂದಲೇ ಜೂಮ್ ಎಳ್ಕೊಂಡು ಫೋಟೊ ತೆಗೀತೀನಿ, ನೀನು ಹತ್ತು," ಎಂದು ಕೈ ಬೀಸಿದ.

ಅವಳು ಪುಟ್ಟ ಕ್ಯಾಮೆರಾವನ್ನು ಜಾಕೆಟ್ಟಿನೊಳಗೆ ಸೇರಿಸಿ ಜಿಪ್ ಎಳೆದಳು. ಸರಪಳಿ ಬಿಸಿಲಿಗೆ ಕಾದಿತ್ತು. ನಡುವೆ ಒಮ್ಮೆ ಬೂಟು ಜಾರಿ ಇಡೀ ಮೈ ಬಲಗೈ ಮೇಲೆ ಬಿತ್ತು. ಮಣಿಕಟ್ಟು ಕಿರುಚಿತು, ಬೆರಳು ಮಾತ್ರ ಬಿಡಲಿಲ್ಲ. ಬೆಳಗಿನಿಂದ ಆ ಕೈಗೆ ಬೇರೆ ಭಾರ ಹೊರಿಸಿರಲಿಲ್ಲವಾದ್ದರಿಂದ ಇಷ್ಟಕ್ಕೆ ಬೇಕಾದ ಶಕ್ತಿ ಅದರಲ್ಲಿ ಉಳಿದಿತ್ತು. ಹಲ್ಲು ಕಚ್ಚಿ ಒಂದೊಂದೇ ಕೊಂಡಿ ದಾಟಿದಳು. ಮೇಲೆ ತಲೆ ಕಾಣಿಸಿದೊಡನೆ ಸೀಟಿ ಮೇಡಂ ಒಮ್ಮೆ ಸೀಟಿ ಊದಿದರು. ಪಾಸಾಗಿದ್ದಕ್ಕೆ ಅದೇ ಸರ್ಟಿಫಿಕೇಟು.

ಗುಡ್ಡದಾಚೆ ಗುಡ್ಡ, ಅದರಾಚೆ ಇನ್ನೊಂದು. ಯಾವುದನ್ನೂ ಅವಳು ಅಂಟಿಸಿರಲಿಲ್ಲ. ಕ್ಯಾಮೆರಾ ಎತ್ತಿದಳು. ಮೂರೂ ಒಂದೇ ಫೋಟೊದಲ್ಲಿ ಹಿಡಿಸಿದವು.

ಸೋಮವಾರ ಒಳಕೋಣೆಯಲ್ಲಿ ಇಬ್ಬರ ಫೋಟೊಗಳೂ ಅಕ್ಕಪಕ್ಕ ತೆರೆದವು. ಮಾವನ ಫೋಟೊದಲ್ಲಿ ಬಂಡೆಯ ಮೇಲಿನ ಪಾಚಿಯ ಎಳೆ ಎಳೆಯೂ ಎಣಿಸುವಂತಿತ್ತು.

"ನಿನ್ನದರ ಮೂಲೆ ನೋಡು," ಎಂದ ಮಾವ, ಗೆದ್ದವನ ದನಿಯಲ್ಲಿ. "ಕಲಸಿ ಇಟ್ಟ ಹಾಗಿದೆ."

ಅವಳು ದೊಡ್ಡದು ಮಾಡಿ ನೋಡಿದಳು. ಅವನು ಹೇಳಿದ್ದು ನಿಜ. "ಹೌದು ಮಾವ. ನಿಮ್ಮದೇ ಶಾರ್ಪ್."

"ಮತ್ತೆ? ಅಷ್ಟು ದೂರ ಹೋಗಿ ಇಂಥದ್ದು ತರ್ತೀಯಾ?"

"ಮೂಲೆ ಮಸುಕಾದ್ರೆ ಕತ್ತರಿಸಿ ಹಾಕ್ತೀನಿ, ಅದು ನನ್ನ ದಿನದ ಕೆಲಸ. ನೋಯೋ ಕೈನ ಕತ್ತರಿಸೋಕಾಗುತ್ತಾ? ನಿಮ್ಮ ಕೂಸು ಜೊತೆಗಿದ್ದಿದ್ರೆ ನಾನೂ ಆ ಕಲ್ಲಿನ ಮೇಲೆ ಕೂತು ಪಾಚಿ ಫೋಟೊ ತೆಗೀತಿದ್ದೆ."

ಮಾವ ಅವಳ ಫೋಟೊದತ್ತ ಬಗ್ಗಿದ. ಆಮೇಲೆ ಮೂರನೇ ಗುಡ್ಡಕ್ಕೆ ಬೆರಳಿಟ್ಟು ಮೆಲ್ಲಗೆ ಕೇಳಿದ:

"ಇದು ನಾನು ಕೂತಿದ್ದ ಜಾಗದಿಂದ ಕಾಣಿಸ್ತಾನೇ ಇರಲಿಲ್ಲ, ಅಲ್ವಾ?"

"ಇಲ್ಲ ಮಾವ."

ಸಂಜೆ ಅಂಗಡಿಯವನು ಅವಳನ್ನು ಕಂಡು ವಾಪಸು ತಗೊಳ್ಳಲು ಕೈ ಚಾಚಿದ. ಅವಳು ಹಣ ಇಟ್ಟಳು. ಅವನು ಗಡಿಬಿಡಿಯಿಂದ ಡಬ್ಬ, ಥರ್ಮಾಕೋಲು, ದಪ್ಪನೆಯ ಕೈಪಿಡಿ ಎಲ್ಲ ತಂದು ಜೋಡಿಸತೊಡಗಿದ.

"ಅವೆಲ್ಲ ನೀವೇ ಇಟ್ಕೊಳ್ಳಿ," ಎಂದು ಅವಳು ಕ್ಯಾಮೆರಾವನ್ನು ಕತ್ತಿಗೆ ಹಾಕಿಕೊಂಡಳು. "ಅವೂ ಭಾರವೇ."