ಬಿಡಿ ಪೆಡಲು

ಓಡೀಲ್ ಗ್ಯಾರೇಜಿನಲ್ಲಿ ಸೈಕಲ್ಲನ್ನು ಕೊಕ್ಕೆಗೆ ತೂಗುಹಾಕಿದ್ದ. ಅದರ ಎರಡೂ ಪೆಡಲು ಒಟ್ಟಿಗೇ ಕೆಳಕ್ಕೆ ಜೋತಿದ್ದವು. ಕಾಫಿ ತಂದ ಹೆಂಡತಿ ಆಲಿಡಾ ಬಾಗಿಲಲ್ಲೇ ನಿಂತಳು.

"ಥೂ, ನೇಣು ಹಾಕ್ಕೊಂಡವನ ಕಾಲಿದ್ದ ಹಾಗಿದೆ. ಕಣ್ಣೆದುರಿಂದ ತೆಗಿ ಅದನ್ನ."

"ನಿಂಗೇನು ಗೊತ್ತಾಗುತ್ತೆ? ಸುಮ್ನಿರು."

ಎಲ್ಲ ಗೊತ್ತಿದ್ದವನು ಅವನೊಬ್ಬನೇ ತಾನೆ! ಮಾಮೂಲಿ ಸೈಕಲ್ಲಿನಲ್ಲಿ ಒಂದು ಪೆಡಲು ಕೆಳಗಿಳಿದರೆ ಇನ್ನೊಂದು ತಾನಾಗಿ ಮೇಲೇಳುತ್ತದೆ. ಈ ಹೊಸ ಜೋಡಿಗೆ ಅಂಥ ನಂಟಿಲ್ಲ. ಪ್ರತಿ ಕಾಲೂ ತನ್ನ ಪೆಡಲನ್ನು ತಾನೇ ಮೇಲಕ್ಕೆ ಎಳೆದುಕೊಳ್ಳಬೇಕು. ಹಾಗೆ ಪಳಗಿದ ಕಾಲಿನ ಕಸುವು ಚೂರೂ ಪೋಲಾಗದು ಎಂದು ಮಾರಿದವನು ಹೇಳಿದ್ದ. ಇಪ್ಪತ್ತು ವರ್ಷ ಫ್ಲಾಂಡರ್ಸಿನ ಕಲ್ಲುಹಾಸಿನ ರಸ್ತೆಗಳಲ್ಲಿ ರೇಸು ಹೊಡೆದೂ ಒಮ್ಮೆಯೂ ಗೆಲ್ಲದ ಓಡೀಲ್ ಅದನ್ನು ಕಣ್ಣುಮುಚ್ಚಿ ನಂಬಿದ. ಮಗಳು ಯೋರಿನ್‌ಗೆ ತನ್ನ ಗತಿ ಬರಬಾರದು. ಎರಡು ತಿಂಗಳು ಕಳೆದು ಬರುವ ಭಾನುವಾರದ ರೇಸಿನಲ್ಲಿ ಮೊದಲ ಹತ್ತರೊಳಗೆ ಬಂದರೆ ಅವಳಿಗೆ ದೊಡ್ಡ ತಂಡದಲ್ಲಿ ಜಾಗ. ಇಲ್ಲದಿದ್ದರೆ, ಇಪ್ಪತ್ತಾರು ತುಂಬಿದವಳನ್ನು ಇನ್ಯಾರು ಕರೆಯುತ್ತಾರೆ?

ಎರಡು ತಿಂಗಳು ಅವಳು ಗ್ಯಾರೇಜಿನಲ್ಲೇ, ಕದಲದಂತೆ ನಿಲ್ಲಿಸಿದ ಸೈಕಲ್ಲನ್ನು ತುಳಿದಳು. ಆಮೇಲೆ ಕ್ರೀಡಾ ಪ್ರಯೋಗಾಲಯದಲ್ಲಿ ಮುಖಕ್ಕೆ ಮಾಸ್ಕ್ ಕಟ್ಟಿ, ತುಳಿಯುವಾಗಿನ ಉಸಿರಿನ ಪರೀಕ್ಷೆ ಮಾಡಿದರು.

"ಅದೇ ಬಿರುಸು, ಅದೇ ಉಸಿರು," ಎಂದಳು ಪರೀಕ್ಷೆ ಮಾಡಿದಾಕೆ. "ಕೂದಲೆಳೆಯಷ್ಟೂ ಲಾಭ ಆಗಿಲ್ಲ. ಬಿಚ್ಚಿ ಮೂಲೆಗೆ ಹಾಕಿ."

"ಕೋಣೆ ಒಳಗಿನ ಲೆಕ್ಕ ಇದು. ರಸ್ತೆಗಿಳಿದ್ರೆ ತಾನೇ ಗೊತ್ತಾಗೋದು!" ಎಂದು ಓಡೀಲ್ ರೇಗಿದ. ತಪ್ಪು ಒಪ್ಪಿಕೊಳ್ಳುವ ಜಾಯಮಾನವೇ ಅವನದಲ್ಲ.

ರೇಸಿಗೆ ನಾಲ್ಕು ದಿನ ಮೊದಲು, ಬುಧವಾರ ಬೆಳಿಗ್ಗೆ ಅದೇ ಪೆಡಲಿನ ಸೈಕಲ್ಲನ್ನು ಗುಡ್ಡದ ಮೇಲಕ್ಕೆ ಒಯ್ದರು. ಅಲ್ಲಿಂದ ರಸ್ತೆ ಕಡಿದಾಗಿ ಇಳಿದು, ಹಳೆಯ ಬಿಯರ್ ಭಟ್ಟಿಯ ಗೋಡೆಯ ಬಳಿ ಎಡಕ್ಕೆ ಹೊರಳುತ್ತದೆ. ಯೋರಿನ್ ಏಳು ವರ್ಷದವಳಾಗಿದ್ದಾಗಿನಿಂದ ಓಡೀಲ್ ಆ ತಿರುವಿನಲ್ಲೇ ನಿಂತು "ಕಾಲು ನಿಲ್ಸು!" ಎಂದು ಕೂಗುತ್ತಿದ್ದ. ಅವಳು ತುಳಿಯುವುದನ್ನು ನಿಲ್ಲಿಸಿ, ಎಡಪೆಡಲನ್ನು ಮೇಲಿಟ್ಟು, ವಾಲಿ ತಿರುಗುತ್ತಿದ್ದಳು. ಆಮೇಲೆ ಓಡಿಬಂದು "ಸರಿಯಾಗಿ ನಿಲ್ಸಿದ್ನಾ, ಅಪ್ಪ?" ಎಂದು ಕೇಳುತ್ತಿದ್ದಳು.

ಇವತ್ತು ಅವಳ ಮುಖ ಬಿಳುಚಿತ್ತು.

"ಅಪ್ಪ, ಇದ್ರಲ್ಲಿ ಕಾಲು ನಿಲ್ಸಿದ್ರೆ ಎರಡೂ ಪೆಡಲು ಕೆಳಗೆ ಬೀಳುತ್ತೆ. ವಾಲಿದಾಗ ಎಡಗಡೇದು ನೆಲಕ್ಕೆ ಬಡಿಯುತ್ತೆ."

"ಹಾಗಾದ್ರೆ ಕಾಲು ನಿಲ್ಸಿ ಸಡಿಲ ಬಿಡ್ಬೇಡ. ಎಡಗಾಲನ್ನ ಮೇಲೆ ಎತ್ತಿ ಹಿಡಿ, ಅಷ್ಟೇ."

"ಮರೆತ್ರೆ?"

"ನಾನಿರ್ತೀನಲ್ಲ ಅಲ್ಲಿ! ನೆನಪು ಮಾಡ್ತೀನಿ. ಹೆದರುಪುಕ್ಕಲಿ."

ಅವಳು ಹೆಲ್ಮೆಟ್ಟಿನ ಪಟ್ಟಿ ಬಿಗಿದುಕೊಂಡಳು. ಓಡೀಲ್ ಕೆಳಗಿಳಿದು ಗೋಡೆಯ ಬಳಿ ನಿಂತ. ಮುಂಜಾನೆಯ ಮಂಜಿಗೆ ಕಲ್ಲುಗಳು ನೆನೆದಿದ್ದವು. ವಾಪಸು ಕರೆಯಲೇ ಎಂದು ಒಂದು ಗಳಿಗೆ ಅನಿಸಿತು, ದೇವರಾಣೆಗೂ ಅನಿಸಿತು. ಆಲಿಡಾಳ ನೇಣಿನ ಮಾತು ನೆನಪಾಯಿತು. ಆದರೆ ಕರೆದರೆ ಪರೀಕ್ಷೆ ಮಾಡಿದಾಕೆ ಗೆದ್ದಂತಲ್ಲವೇ? ಕೈ ಎತ್ತಿ ಸನ್ನೆ ಮಾಡಿದ.

ಅವಳು ಹೊರಟಳು. ಇಷ್ಟು ರಭಸ ಅವನು ಎಣಿಸಿರಲಿಲ್ಲ. ಹತ್ತಿರ ಬಂದಂತೆ ಕಂಡಿತು: ಅವಳು ಮರೆತಿರಲಿಲ್ಲ. ಹಲ್ಲು ಕಚ್ಚಿ ಎಡಗಾಲನ್ನು ಮೇಲೆತ್ತಿ ಹಿಡಿದಿದ್ದಳು, ತೊಡೆ ನಡುಗುತ್ತಿತ್ತು. ಸೈಕಲ್ಲು ವಾಲತೊಡಗಿತು. ಇನ್ನೇನು ತಿರುಗಿಬಿಡುತ್ತಿದ್ದಳು.

ಅಷ್ಟರಲ್ಲಿ ಓಡೀಲನ ಬಾಯಿ ತಾನಾಗಿ ತೆರೆಯಿತು. ಹತ್ತೊಂಬತ್ತು ವರ್ಷದ ರೂಢಿ.

"ಕಾಲು ನಿಲ್ಸು!"

ಆ ದನಿಗೆ ಅವಳ ಕಾಲುಗಳು ಎಂದೂ ಎದುರಾಡಿದವಲ್ಲ. ಬಿಗಿ ಸಡಿಲಿತು, ಎರಡೂ ಪೆಡಲು ಒಟ್ಟಿಗೇ ಕೆಳಗಿಳಿದವು. ಕಬ್ಬಿಣ ಕಲ್ಲಿಗೆ ಬಡಿದ ಸದ್ದು ಕೇಳಿತು, ಆಮೇಲೆ ಗೋಡೆಯ ಸದ್ದು.

ಅಯ್ಯೋ, ಎಂಥ ಮಾತಾಡಿಬಿಟ್ಟ! ಓಡಿಹೋಗಿ ಮಗಳ ಪಕ್ಕ ಕುಸಿದ. ಕಣ್ಣು ಬಿಟ್ಟಿದ್ದಳು. ಸೊಂಟದಿಂದ ಕೆಳಗೆ ಒಂದಿಷ್ಟೂ ಅಲುಗಾಟವಿರಲಿಲ್ಲ. ಅವನ ಅಂಗಿ ಹಿಡಿದು ಎಳೆದಳು, ಏಳು ವರ್ಷದವಳಂತೆ ಕೇಳಿದಳು:

"ಸರಿಯಾಗಿ ನಿಲ್ಸಿದ್ನಾ, ಅಪ್ಪ?"

"ಹೂಂ, ಮಗಳೇ," ಎಂದ ಓಡೀಲ್. "ನಾನು ಹೇಳಿದ ಹಾಗೇ ನಿಲ್ಸಿದೆ."