ಕಾವಿಗೆ ಕೂತವಳು

ರಜೆಯ ಮೊದಲ ದಿನವೇ ಮಾವ ರಟ್ಟಿನ ಪೆಟ್ಟಿಗೆಯಲ್ಲಿ ಕೋಳಿಮರಿ ತಂದುಕೊಟ್ಟಿದ್ದ. ಗುಲಾಬಿ ಬಣ್ಣ ಬಳಿದ ಮರಿ. ಯಾವುದೋ ರಾಜಕುಮಾರಿ ಶಾಪಕ್ಕೆ ಸಿಕ್ಕು ಅಂಗೈಯಷ್ಟಕ್ಕೆ ಇಳಿದಂತಿತ್ತು. ಸಂಜೆಯಾಗುತ್ತಲೇ ಅದು ತಲೆ ಜೋಲಿಸಿ ತೂಕಡಿಸತೊಡಗಿತು.

“ಕಾವಿಲ್ದೆ ಹಿಂಗಾಗಿದೆ,” ಅಂದಳು ಅಜ್ಜಿ. “ತಾಯಿ ಇದ್ದಿದ್ರೆ ಕಾವಿಗೆ ಕೂತು ಉಳಿಸ್ಕೊಳ್ತಿತ್ತು. ಕಾವಿಗೆ ಕೂತ ಕೋಳಿ ಯಾರು ಕೂಗಿದ್ರೂ ತಿರುಗಿ ನೋಡಲ್ಲ ಕಣೇ.”

ಐದು ವರ್ಷದ ಮೊಮ್ಮಗಳು ಕಣ್ಣರಳಿಸಿ ಕೇಳಿಸಿಕೊಂಡಳು. ಬಾಯಿಗೆ ಬಿಡುವೇ ಇಲ್ಲದ ಅವಳನ್ನು ಮನೆಯವರೆಲ್ಲ ವಟವಟಿ ಅಂತಲೇ ಕರೆಯುವುದು.

ಸ್ವಲ್ಪ ಹೊತ್ತಿನ ಮೇಲೆ ಅಮ್ಮ ಹೊಲಿಗೆ ಯಂತ್ರ ನಿಲ್ಲಿಸಿದಾಗ ಮನೆ ಗಪ್‌ಚುಪ್.

“ಏ ವಟವಟಿ!”

ಮಂಚದ ಕೆಳಗಿಲ್ಲ, ಬಚ್ಚಲಲ್ಲಿಲ್ಲ. ಬಾಗಿಲಿಗೆ ಓಡಿದಳು, ಚಿಲಕ ಹಾಕಿಯೇ ಇತ್ತು.

ಕೊನೆಗೆ ಬೀರುವಿನ ಹಿಂದಿನ ಸಂದಿಯಲ್ಲಿ ಸಿಕ್ಕಳು. ಬಾಯ್ದೆರೆದ ಪೆಟ್ಟಿಗೆಯ ಮೇಲೆ ಫ್ರಾಕು ಹರಡಿ, ಕೂತೂ ಇಲ್ಲದೆ ನಿಂತೂ ಇಲ್ಲದೆ, ಕುಕ್ಕರಗಾಲಲ್ಲಿ ತೂಗುತ್ತಿದ್ದಳು. ತೊಡೆಗಳು ಗಡಗಡ ನಡುಗುತ್ತಿದ್ದವು.

“ಅಯ್ಯಯ್ಯೋ, ಏಳೇ ಮೇಲೆ!” ಮಾವ ನುಗ್ಗಿದ. ಹುಡುಗಿ ಬೆಚ್ಚಿ ಇನ್ನಷ್ಟು ಕುಸಿದಳು. ಫ್ರಾಕಿನಡಿಯಿಂದ ಕೀಚೆಂಬ ದನಿ.

“ಮುಟ್ಬೇಡ ಕಣೋ!” ಅಮ್ಮ ತಮ್ಮನ ಅಂಗಿ ಹಿಡಿದೆಳೆದಳು. “ಕಾಲು ಸೋತ್ರೆ ಮರಿ ಕಥೆ ಮುಗೀತು.” ದನಿ ತಗ್ಗಿಸಿ ಕರೆದಳು. “ಬಂಗಾರಿ, ನಿಧಾನಕ್ಕೆ ಏಳಮ್ಮಾ.”

ಮಗಳು ತುಟಿ ಬಿಗಿದು ಗೋಡೆಯತ್ತ ಮುಖ ತಿರುಗಿಸಿದಳು. ಹಣೆಯ ಬೆವರು ಮೂಗಿನ ತುದಿಗಿಳಿದಿತ್ತು.

“ನನ್ನ ಬಾಯಿಗಿಷ್ಟು ಬೆಂಕಿ ಹಾಕ!” ಅಜ್ಜಿಗೆ ತಟ್ಟನೆ ಹೊಳೆಯಿತು. ಗೋಡೆ ಹಿಡಿದು ಬಗ್ಗಿದಳು. “ಕೋಳಿಯಮ್ಮಾ, ಮರಿ ಬೆಚ್ಚಗಾಯ್ತು. ಹಸಿದಿದೆ ಪಾಪ. ಕಾಳು ತರೋಕೆ ಹೋಗಲ್ವಾ?”

ಕೋಳಿ ಯೋಚಿಸಿತು. ಮಂಡಿ ಒಮ್ಮೆಲೇ ಸಡಿಲಿತು. ಅಷ್ಟರಲ್ಲಿ ಅಮ್ಮ ಕಂಕುಳಿಗೆ ಕೈಹಾಕಿ ನೆಟ್ಟಗೆ ಮೇಲಕ್ಕೆತ್ತಿಬಿಟ್ಟಳು.

ಮರಿ ಪೆಟ್ಟಿಗೆಯ ಮೂಲೆಯಲ್ಲಿ ಒಂದು ರೆಕ್ಕೆ ಹರಡಿ ಬಿದ್ದಿತ್ತು. ಎಲ್ಲರೂ ಬಗ್ಗಿ ನೋಡಿದರು. ಆಮೇಲೆ, ಮೆಲ್ಲಗೆ, ಕೊಕ್ಕು ತೆರೆಯಿತು.

ಮರಿಗೆ ಕಾವಾಗಲೆಂದು ಅಮ್ಮ ಯಂತ್ರದ ಮೇಲಿನ ದೀಪವನ್ನು ತಂದು ಪೆಟ್ಟಿಗೆಯೊಳಕ್ಕೆ ಬಗ್ಗಿಸಿಟ್ಟಳು.

“ರಜೇಲಿ ಆಡ್ಕೊಳ್ಳಲಿ ಅಂತ ತಂದೆ ಕಣಕ್ಕಾ,” ಮಾವ ಗೊಣಗಿದ.

ವಟವಟಿಗೆ ಬಾಯಿ ಬಂತು. “ರಜೆ ಮುಗಿದ್ಮೇಲೆ ಕಾವಿಗೆ ಯಾರು ಕೂರೋದು? ನೀನಾ ಮಾವ?”

ಮಾವ ತನ್ನ ಡೊಳ್ಳುಹೊಟ್ಟೆ ನೋಡಿಕೊಂಡ. ಪೆಟ್ಟಿಗೆ ನೋಡಿದ.

“ಹೇಳು ಮಾವ.”