ಸಾಲಿನ ಕೊನೆಯ ಉಸಿರು

"ನಿನ್ನ ಪ್ರೋಗ್ರಾಮಿಗೆ ಏನಾಗಿದೆ ಕಣೇ? ಸಾಲು ಮುಗಿದ್ರೂ ನಿಲ್ಲದೆ ಒಂದೇ ಉಸಿರಿಗೆ ಒದರ್ತಾ ಇದೆ," ಎಂದಳು ಅಕ್ಕ ಫೋನಿನಲ್ಲಿ. "ಹತ್ತೂಕಾಲರ ಬಸ್ಸಿಗೆ ಮುಂದಿನ ಸಾಲಿನ ಹನ್ನೊಂದೂವರೆ ಅಂದ್ಬಿಟ್ಟೆ. ಬಸ್ಸು ತಪ್ಪಿಸ್ಕೊಂಡ ಅಜ್ಜಿ ನನ್ನ ಕೌಂಟರ್ ಮುಂದೇನೇ ಕೂತು ಬೈತಾ ಇದ್ದಾರೆ."

"ಸಾಹೇಬ್ರಿಗೆ ಗೊತ್ತಾಯ್ತಾ?"

"ಗೊತ್ತಾಗ್ದೆ ಇರುತ್ತಾ? ಇನ್ನೊಂದ್ಸಲ ಹೀಗಾದ್ರೆ ಹಿಂದಿನ ರೂಮಲ್ಲಿ ಲಕೋಟೆ ಅಂಟಿಸ್ತಾ ಕೂತ್ಕೊ ಅಂದ್ರು. ನಾಳೆ ಡ್ಯೂಟಿಗೆ ಮುಂಚೆ ಸರಿಮಾಡು, ಪುಣ್ಯ ಬರುತ್ತೆ."

ಅಕ್ಕನಿಗೆ ಹುಟ್ಟಿನಿಂದ ಕಣ್ಣು ಕಾಣದು. ಕಂಪ್ಯೂಟರು ಓದುವ ವೇಳಾಪಟ್ಟಿಯನ್ನು ಕಿವಿಯಲ್ಲಿ ಕೇಳಿ, ಬಸ್ ನಿಲ್ದಾಣದ ವಿಚಾರಣೆ ಕೌಂಟರಿನಲ್ಲಿ ಏಳು ವರ್ಷದಿಂದ ಜನರಿಗೆ ದಾರಿ ಹೇಳುತ್ತಿದ್ದಾಳೆ. ನಾಲ್ಕು ಜನರೊಡನೆ ಮಾತಾಡದಿದ್ದರೆ ಅವಳಿಗೆ ಊಟ ಸೇರುವುದಿಲ್ಲ. ಲಕೋಟೆಗಳ ನಡುವೆ ಕೂರಿಸಿದರೆ ತಿಂಗಳಲ್ಲಿ ಸೊರಗಿಹೋಗುತ್ತಾಳೆಂದು ತಂಗಿಗೆ ಗೊತ್ತು.

ಹಾಗೆ ಓದಿ ಹೇಳುವ ಪ್ರೋಗ್ರಾಂ ಬರೆದವರು ದೂರದ ಯಾರೋ ಹಿರಿಯರು. ಅವರ ಸಿಡುಕು ಮೇಲ್‌ಗಳನ್ನು ಓದಿ ತಂಗಿ ಅವರಿಗೆ ದೂರ್ವಾಸರೆಂದು ಹೆಸರಿಟ್ಟಿದ್ದಳು. ಅವರು ಬಿಡುಗಡೆ ಮಾಡಿದ್ದನ್ನು ಎಲ್ಲರ ಕಂಪ್ಯೂಟರಿಗೂ ಹೊಂದುವಂತೆ ಕಟ್ಟಿ ಕಳಿಸುವುದು ಇವಳ ಕೆಲಸ. ಆ ಕೆಲಸಕ್ಕೊಂದು ಕಟ್ಟುನಿಟ್ಟಿದೆ. ದೂರ್ವಾಸರು ಬರೆದ ಮೂಲ, ಬ್ರಾಂಚ್ ಎಂಬ ಪ್ರತ್ಯೇಕ ಕವಲಿನಲ್ಲಿ ಬಂದ ಹಾಗೆಯೇ ಇರಬೇಕು, ಅದಕ್ಕೆ ಕೈ ಹಚ್ಚಕೂಡದು. ಇವಳ ತಿದ್ದುಪಡಿಗಳೆಲ್ಲ ಪ್ಯಾಚ್ ಎಂಬ ಬೇರೆ ಫೈಲುಗಳಲ್ಲಿರಬೇಕು. ಹೊಸ ಬಿಡುಗಡೆ ಬಂದಾಗ ಹಳೆಯ ಮೂಲದ ಜಾಗದಲ್ಲಿ ಹೊಸದು ಕೂರುತ್ತದೆ, ಪ್ಯಾಚುಗಳು ಅದರ ಮೇಲೆ ಮತ್ತೆ ಹತ್ತುತ್ತವೆ.

ಆರು ವರ್ಷ ಸುಮ್ಮನಿದ್ದ ದೂರ್ವಾಸರು ಕಳೆದ ವಾರ ಹೊಸ ಬಿಡುಗಡೆ ಮಾಡಿದ್ದರು. ಸೋಮವಾರವಷ್ಟೇ ಅದನ್ನು ಕೂರಿಸಿದ್ದ ತಂಗಿಗೆ ತಪ್ಪು ಯಾರದೆಂಬ ಬಗ್ಗೆ ಅನುಮಾನವೇ ಬರಲಿಲ್ಲ. "ಪ್ರತಿ ಸಾಲಿನ ಕೊನೆಗೆ ನಿಲ್ಲುತ್ತಿದ್ದುದನ್ನು ಯಾಕೆ ಕಿತ್ತುಹಾಕಿದಿರಿ? ಇದನ್ನೇ ನಂಬಿಕೊಂಡ ಜನರಿದ್ದಾರೆ," ಎಂದು ಖಾರವಾಗಿ ಬರೆದಳು.

ಅರ್ಧ ಗಂಟೆಯಲ್ಲಿ ಉತ್ತರ ಬಂತು. "ನನ್ನ ಪ್ರೋಗ್ರಾಂ ಯಾವತ್ತೂ ಅಲ್ಲಿ ನಿಂತದ್ದಿಲ್ಲ. ನಿಮ್ಮ ಮನೆಯಲ್ಲೇ ಹುಡುಕಿ."

ತಂಗಿಗೆ ಮೈ ಉರಿಯಿತು. ಅವರ ಸುಳ್ಳನ್ನು ಅವರ ಮುಖಕ್ಕೇ ಹಿಡಿಯಬೇಕೆಂದು ಮೂಲದ ಬ್ರಾಂಚಿನ ಇತಿಹಾಸ ತೆರೆದಳು. ಆರು ವರ್ಷದ ಹಿಂದೆ ಯಾರೋ ನೇರ ಮೂಲಕ್ಕೇ, ಓದುವಾಗ ನಿಲ್ಲಿಸುವ ಹನ್ನೊಂದು ಸಾಲು ಸೇರಿಸಿದ್ದರು. ಪಕ್ಕದಲ್ಲಿ ಟಿಪ್ಪಣಿ: "ಅಕ್ಕನಿಗೆ ಇವತ್ತೇ ಬೇಕು. ಆಮೇಲೆ ಸರಿಯಾಗಿ ಮಾಡ್ತೀನಿ." ಕೆಳಗೆ ಇವಳದೇ ಹೆಸರು.

ಆ ಆಮೇಲೆ ಬಂದೇ ಇರಲಿಲ್ಲ. ಹೊಸ ಮೂಲ ಬಂದು ಹನ್ನೊಂದು ಸಾಲನ್ನೂ ಸದ್ದಿಲ್ಲದೆ ಒರೆಸಿಹಾಕಿತ್ತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಿದ್ದಳು. ಕಿವಿ ಬಿಸಿಯಾಗುವಷ್ಟು ನಾಚಿಕೆಯಾಯಿತು.

ಊಟಕ್ಕೂ ಏಳದೆ, ಮೂಲಕ್ಕೆ ಕೈ ಹಚ್ಚದೆ, ಆ ಸಾಲುಗಳನ್ನು ಪ್ಯಾಚಾಗಿ ಬರೆದಳು. ಅದು ಯಾರಿಗೆ, ಯಾಕೆ ಬೇಕೆಂದು ಫೈಲಿನ ಮೊದಲಿಗೇ ವಿವರಿಸಿದಳು. ಸಂಜೆಗೆ ಅಕ್ಕನ ಕಂಪ್ಯೂಟರಿಗೆ ಅದು ತಲುಪಿತು. ಇನ್ನೊಂದು ಪ್ರತಿ ದೂರ್ವಾಸರಿಗೆ ಹೋಯಿತು. "ತಪ್ಪು ನನ್ನದು, ಆರು ವರ್ಷದ ಹಿಂದಿನದು. ಕ್ಷಮಿಸಿ."

ಮರುದಿನ ಬೆಳಗ್ಗೆ ಅಕ್ಕ ಫೋನ್ ಮಾಡಿದಳು. "ಉಸಿರು ಬಂತು ಕಣೇ! ನನಗೂ, ಅದಕ್ಕೂ."

ಮಧ್ಯಾಹ್ನ ದೂರ್ವಾಸರ ಮೇಲ್ ಇತ್ತು. "ಹನ್ನೊಂದು ಸಾಲು ಯಾಕೆ, ನಾಲ್ಕು ಸಾಕು. ಇದನ್ನು ಆರು ವರ್ಷ ಬಚ್ಚಿಟ್ಟುಕೊಂಡಿದ್ದಿರಲ್ಲ! ನನಗೂ ಈಗ ಕಣ್ಣು ಮಂಜು. ನಿಮ್ಮ ಮೇಲ್ ಅನ್ನು ಕೇಳಿಯೇ ಓದಿದ್ದು."

ಮೂರು ತಿಂಗಳಿಗೆ ಅವರ ಮುಂದಿನ ಬಿಡುಗಡೆ ಬಂತು. ಈ ಸಲ ತಂಗಿಯ ಪ್ಯಾಚು ಹತ್ತಲಿಲ್ಲ. ಅದು ಮಾಡಬೇಕಾದ ಕೆಲಸವನ್ನು ಮೂಲದಲ್ಲೇ ನಾಲ್ಕು ಸಾಲುಗಳು ಮಾಡುತ್ತಿದ್ದವು. ಅವಳು ತನ್ನ ಫೈಲನ್ನು ಅಳಿಸಿದಳು. ಆದರೂ ಜೀವ ತಡೆಯದೆ, ಮರುದಿನ ರಜೆ ಹಾಕಿ ಬಸ್ ನಿಲ್ದಾಣಕ್ಕೆ ಹೋಗಿ ಅಕ್ಕನ ಪಕ್ಕ ಸ್ಟೂಲು ಎಳೆದುಕೊಂಡು ಕೂತಳು.

"ಸುಮ್ನೆ ಕೇಳು," ಎಂದು ಅಕ್ಕ ಹೆಡ್‌ಫೋನಿನ ಒಂದು ಬದಿಯನ್ನು ಅವಳ ಕಿವಿಗೆ ಕೊಟ್ಟಳು.

ಗಾಜಿನಾಚೆ ಅದೇ ಅಜ್ಜಿ ಬ್ಯಾಗು ಹಿಡಿದು ನಿಂತಿದ್ದರು. ದನಿ ಒಂದು ಸಾಲು ಓದಿ ನಿಂತಿತು. ಆ ನಿಲುಗಡೆಯಲ್ಲಿ ಅಕ್ಕ ಮುಂದಕ್ಕೆ ಬಾಗಿ, "ಹತ್ತೂಕಾಲು, ಅಜ್ಜಿ. ನಿಧಾನಕ್ಕೆ ಹೋಗಿ, ಟೈಮಿದೆ," ಎಂದಳು.